ಕುಸುಬಿ ಹೂವಿನ ಹಳದಿ, ಕುಸುಬಿ ಹೂವಿನ ಕೆಂಪು: ಯಾವಾಗ ಬಿಡಿಸಬೇಕು, ಹೇಗೆ ಒಣಗಿಸಿ ಬಣ್ಣ ತೆಗೆಯಬೇಕು

ವಿಜಯಪುರ, ಬಾಗಲಕೋಟೆ, ಕಲಬುರಗಿ, ಗದಗ ಸೀಮೆಯ ಎರೆಹೊಲಗಳಲ್ಲಿ ಕುಸುಬಿ ಬೆಳೆಯುವುದು ಎಣ್ಣೆಗೆ. ಬಿಳಿಜೋಳದ ಸುತ್ತ ಸಾಲು ಹಾಕಿದ್ದರೆ ದನ ಒಳಗೆ ನುಗ್ಗದಿರಲಿ ಎಂದು. ಎಳೆ ಸೊಪ್ಪು ಪಲ್ಯಕ್ಕೂ ಆಗುತ್ತದೆ. ಹೂವು ಮಾತ್ರ ಯಾರ ಲೆಕ್ಕಕ್ಕೂ ಇಲ್ಲ. ರಾಶಿ ಮಾಡುವ ಹೊತ್ತಿಗೆ ಅದು ಒಣಗಿ, ಸುಟ್ಟ ಬಣ್ಣಕ್ಕೆ ತಿರುಗಿ, ಹೊಟ್ಟಿನ ಜೊತೆ ಹಾರಿಹೋಗುತ್ತದೆ. 19ನೇ ಶತಮಾನದ ಉತ್ತರಾರ್ಧದಲ್ಲಿ ಕೃತಕ ಬಣ್ಣಗಳು ಬರುವ ತನಕ ಪರಿಸ್ಥಿತಿ ಬೇರೆ ಇತ್ತು. ಆಗ ಹೂವಿಗೂ ಒಳ್ಳೆಯ ಬೆಲೆ ಇತ್ತು. ಢಾಕಾ ಸುತ್ತಲಿನ ಕುಸುಬಿ ಹೂವು ಯುರೋಪಿನ ಬಣ್ಣಗಾರರ ತನಕ ಹಡಗೇರಿ ಹೋಗುತ್ತಿತ್ತು.

ಈಗ ನೈಸರ್ಗಿಕ ಬಣ್ಣ, ಹೂವಿನ ಚಹಾ, ಸೌಂದರ್ಯವರ್ಧಕಗಳಿಗಾಗಿ ಕುಸುಬಿ ಎಸಳನ್ನು ಮತ್ತೆ ಕೇಳುವವರಿದ್ದಾರೆ. ಬಿಡಿಸಲು ಹೊರಟವರು ಮೊದಲು ಕೇಳುವ ಪ್ರಶ್ನೆ, "ಎಷ್ಟನೇ ದಿನ ಕೀಳಬೇಕು?" ಇದಕ್ಕೆ ಒಂದೇ ಉತ್ತರವಿಲ್ಲ. ಈ ಹೂವಿನಲ್ಲಿ ಎರಡು ಬಣ್ಣಗಳಿವೆ, ಎರಡರ ಸ್ವಭಾವವೂ ತದ್ವಿರುದ್ಧ. ಯಾವುದು ಬೇಕು ಎಂದು ಮೊದಲು ತೀರ್ಮಾನಿಸಿದರೆ ಕೀಳುವ ದಿನ, ಒಣಗಿಸುವ ಬಗೆ, ನೆನೆಸುವ ನೀರು ಎಲ್ಲವೂ ಅದರ ಹಿಂದೆ ಬರುತ್ತವೆ.

ಎಸಳಿನ ಒಳಗೆ ಏನಿದೆ

ನಾವು ಎಸಳು ಎನ್ನುವುದು ನಿಜವಾಗಿ ಒಂದೊಂದೂ ಒಂದು ಪೂರ್ತಿ ಕಿರುಹೂ. ಉದ್ದನೆಯ ತೆಳು ಕೊಳವೆ, ತುದಿಯಲ್ಲಿ ಐದು ಸೀಳು, ನಡುವೆ ಪರಾಗದ ಹಳದಿ ಕೊಳವೆ. ಇಂಥವು ಹತ್ತಾರು, ಒಳ್ಳೆಯ ತೆನೆಯಲ್ಲಿ ನೂರಕ್ಕೂ ಹೆಚ್ಚು, ಒಂದೇ ಮುಳ್ಳಿನ ಬಟ್ಟಲಲ್ಲಿ ಕೂತಿರುತ್ತವೆ. ಪ್ರತಿ ಕಿರುಹೂವಿನ ಬುಡದಲ್ಲಿ ಒಂದು ಕಾಳು ಕಟ್ಟುತ್ತದೆ. ಇದನ್ನು ನೆನಪಿಡಿ, ಕೀಳುವಾಗ ಬೇಕಾಗುತ್ತದೆ.

ಹಳದಿ ಬಣ್ಣವೆಂದರೆ ಒಂದೇ ವಸ್ತುವಲ್ಲ, ನೀರಿನಲ್ಲಿ ಸುಲಭವಾಗಿ ಕರಗುವ ಹಲವು ಹಳದಿಗಳ ಗುಂಪು. ಅವುಗಳಲ್ಲಿ ಮುಖ್ಯವಾದದ್ದು ಹೈಡ್ರಾಕ್ಸಿಸ್ಯಾಫ್ಲರ್ ಯೆಲ್ಲೋ ಎ. ಒಣ ಎಸಳಿನ ತೂಕದಲ್ಲಿ ನೀರಿಗೆ ಬಿಡುವ ಹಳದಿ ಅಂಶವೇ ಸುಮಾರು ಕಾಲು ಭಾಗ. ಕೆಂಪಿನ ಹೆಸರು ಕಾರ್ಥಮಿನ್. ಇದು ಬಹಳ ಕಡಿಮೆ, ಒಣ ಎಸಳಿನಲ್ಲಿ ಶೇಕಡಾ 0.3ರಿಂದ 0.6ರಷ್ಟು. ಅಂದರೆ 100 ಗ್ರಾಂ ಎಸಳಿನಲ್ಲಿ ಅರ್ಧ ಗ್ರಾಮಿನ ಆಸುಪಾಸು. ಕಾರ್ಥಮಿನ್ ತಣ್ಣನೆಯ ಸಾದಾ ನೀರಿಗೆ ಬಿಡುವುದಿಲ್ಲ. ಸೋಡಾದಂಥ ಕ್ಷಾರಕ್ಕೆ ಕರಗುತ್ತದೆ, ಹುಳಿ ಬಿದ್ದರೆ ಕರಗಿದ್ದು ಮತ್ತೆ ಕೆಂಪಾಗಿ ಹೊರಬರುತ್ತದೆ. ಹತ್ತಿ ಬಟ್ಟೆಗೆ ಪಟಿಕ ಗಿಟಿಕ ಏನೂ ಇಲ್ಲದೆ ನೇರವಾಗಿ ಹತ್ತುತ್ತದೆ. ಹಳದಿ ಹತ್ತಿಗೆ ಹತ್ತುವುದೇ ಇಲ್ಲ ಎನ್ನಬಹುದು. ಕುಸುಬಿ ಬಣ್ಣಗಾರಿಕೆಯ ಇಡೀ ಕಸುಬು ನಿಂತಿರುವುದು ಈ ವ್ಯತ್ಯಾಸದ ಮೇಲೆ.

ಮೊಗ್ಗು ಒಡೆದ ದಿನ ಎಸಳಿನಲ್ಲಿ ಕಾರ್ಥಮಿನ್ ಇಲ್ಲದಷ್ಟೇ ಕಡಿಮೆ. ಆಗ ಇರುವುದು ಅದರ ಹಿಂದಿನ ರೂಪ, ಪ್ರಿಕಾರ್ಥಮಿನ್. ಹೂವು ಬಾಡತೊಡಗಿದಾಗ ಕಿಣ್ವಗಳು ಗಾಳಿಯಲ್ಲಿನ ಆಮ್ಲಜನಕದ ನೆರವಿನಿಂದ ಅದನ್ನು ಕಾರ್ಥಮಿನ್ ಆಗಿ ಬದಲಿಸುತ್ತವೆ. ಹಳದಿ ಹೂವು ಗಿಡದಲ್ಲೇ ಕಿತ್ತಳೆಯಾಗಿ ಕೆಂಪಾಗುವುದು ಇದರಿಂದಲೇ. ಕೆಂಪು ಹುಟ್ಟಬೇಕಾದರೆ ಹೂವು ಬಾಡಬೇಕು, ಅದೂ ನಿಧಾನವಾಗಿ, ಸ್ವಲ್ಪ ತೇವ ಉಳಿಸಿಕೊಂಡು ಬಾಡಬೇಕು. ಬೇಗ ಬಿಸಿ ಮಾಡಿ ಒಣಗಿಸಿದರೆ ಕಿಣ್ವದ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ತಳಿ ನೋಡಿ, ಆಮೇಲೆ ದಿನ ಎಣಿಸಿ

ಎಲ್ಲ ಕುಸುಬಿಯೂ ಕೆಂಪಾಗುವುದಿಲ್ಲ. ಬಿಳಿ ಹೂವಿನ ತಳಿಗಳಿವೆ. ಅರಳಿದಾಗಲೂ ಒಣಗಿದಾಗಲೂ ಹಳದಿಯಾಗಿಯೇ ಉಳಿಯುವವೂ ಇವೆ. ಇವುಗಳಲ್ಲಿ ಕೆಂಪು ಹುಡುಕುವುದು ವ್ಯರ್ಥ. ಬಣ್ಣಕ್ಕೆ ಬೇಕಾದದ್ದು ಹಳದಿಯಾಗಿ ಅರಳಿ ಕೆಂಪಾಗಿ ಒಣಗುವ ಅಥವಾ ಕಿತ್ತಳೆಯಾಗಿ ಅರಳಿ ಗಾಢ ಕೆಂಪಾಗುವ ತಳಿ. ಬೀಜದ ಚೀಲದ ಮೇಲಿನ ಹೆಸರನ್ನು ನೆಚ್ಚಿ ಕೂರಬೇಡಿ. ಮೊದಲು ಅರಳಿದ ಹತ್ತು ಹೂಗಳಿಗೆ ದಾರ ಕಟ್ಟಿ, ಒಂದು ವಾರ ಬಿಟ್ಟು ನೋಡಿ. ಹೊಲವೇ ಹೇಳುತ್ತದೆ.

ಮುಳ್ಳಿನ ವಿಚಾರ ಇನ್ನೂ ಮುಖ್ಯ. ಅಣ್ಣಿಗೇರಿ-1ರಂಥ ಮುಳ್ಳಿನ ತಳಿಗಳಲ್ಲಿ ಹೂ ಬಿಡಿಸುವುದು ಕೈಗೆ ಶಿಕ್ಷೆ. ಮಹಾರಾಷ್ಟ್ರದ ಫಲಟಣದಲ್ಲಿರುವ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆ ನಾರಿ-6 ಎಂಬ ಮುಳ್ಳಿಲ್ಲದ ತಳಿಯನ್ನೂ ನಾರಿ-ಎನ್‌ಎಚ್-1 ಎಂಬ ಮುಳ್ಳಿಲ್ಲದ ಸಂಕರಣವನ್ನೂ ಕೊಟ್ಟಿದೆ. ಎಸಳಿಗಾಗಿಯೇ ಬೆಳೆಯುವುದಾದರೆ ಮುಳ್ಳಿಲ್ಲದ ತಳಿ ಬಿಟ್ಟು ಬೇರೆ ಯೋಚನೆ ಬೇಡ. ಮುಳ್ಳಿನ ತಳಿಗೆ ಕೂಲಿ ಹಿಡಿದು ಹೂ ಬಿಡಿಸಿದರೆ ಕೂಲಿಯೂ ಹುಟ್ಟುವುದು ಕಷ್ಟ. ಮನೆಬಳಕೆಗೆ ಬದುವಿನ ಒಂದೆರಡು ಸಾಲು ಸಾಕೆನ್ನುವವರಿಗೆ ಮಾತ್ರ ಮುಳ್ಳಿನದೂ ನಡೆಯುತ್ತದೆ. ಆದರೆ ಮುಳ್ಳಿಲ್ಲದ್ದನ್ನು ಹಾಕಿದರೆ ದನ ತಡೆಯುವ ಬೇಲಿಯ ಲಾಭ ಹೋಯಿತು, ಅದನ್ನು ಹೊಲದ ನಡುವೆ ಹಾಕಬೇಕು.

ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ಪಕ್ಷದೊಳಗೆ ಬಿತ್ತಿದ ಕುಸುಬಿ ಹೆಚ್ಚುಕಡಿಮೆ 80-90 ದಿನಕ್ಕೆ ಹೂವಿಗೆ ಬರುತ್ತದೆ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋಗುವ ಹೊತ್ತಿಗೆ ಮೊದಲ ಹೂಗಳು, ಸಂಕ್ರಾಂತಿ ಸುತ್ತ ತುಂಬು ಹೂವು. ತಡವಾಗಿ ಬಿತ್ತಿದರೆ ಹೇನಿನ ಕಾಟ ಜಾಸ್ತಿ. ಎಣ್ಣೆಯ ಬೆಳೆಗಿಂತ ಎಸಳಿನ ಬೆಳೆಗೆ ಈ ಹೇನು ದೊಡ್ಡ ಶತ್ರು. ಅದು ಸ್ರವಿಸುವ ಅಂಟು ಎಸಳಿನ ಮೇಲೆ ಬಿದ್ದರೆ ಒಣಗಿದ ಮೇಲೂ ಜಿಗುಟು ಹೋಗುವುದಿಲ್ಲ, ಅದರ ಮೇಲೆ ಕಪ್ಪು ಬೂಷ್ಟು ಕೂರುತ್ತದೆ. ಔಷಧಿ ಹೊಡೆಯುವುದಿದ್ದರೆ ಮೊಗ್ಗು ಬಣ್ಣ ತೋರುವ ಮೊದಲೇ ಮುಗಿಸಿಬಿಡಿ. ಹೂವಾಡುವಾಗ ಹೊಡೆದರೆ ಜೇನು ಸಾಯುತ್ತವೆ, ಎಸಳೂ ಚಹಾಕ್ಕೆ, ಅಡುಗೆಗೆ, ಮೈಗೆ ಹಚ್ಚುವುದಕ್ಕೆ ಯೋಗ್ಯವಾಗಿ ಉಳಿಯುವುದಿಲ್ಲ. ಹಾಗೆ ಸಿಂಪಡಿಸಿದ ಹೊಲದ ಎಸಳನ್ನು ಬಿಟ್ಟುಬಿಡಿ.

ಯಾವ ದಿನ

ತೆನೆಯ ಬಾಯಲ್ಲಿ ಮೊದಲ ಹಳದಿ ಕಂಡ ದಿನವನ್ನು ಒಂದನೇ ದಿನ ಎನ್ನೋಣ. ಕಿರುಹೂಗಳು ಅಂಚಿನಿಂದ ನಡುವಿನ ಕಡೆಗೆ ಅರಳುತ್ತಾ ಬರುತ್ತವೆ, ಒಂದು ತೆನೆ ಪೂರ್ತಿ ಅರಳಲು 3ರಿಂದ 5 ದಿನ.

1ನೇ, 2ನೇ ದಿನ: ಎಸಳು ನಿಂಬೆಹಳದಿ, ಬಿಗಿಯಾಗಿ ಕೂತಿರುತ್ತದೆ. ಎಳೆದರೆ ಬುಡದ ಎಳೆಗಾಳೂ ಜೊತೆಗೆ ಬರುತ್ತದೆ, ಕಾಳಿಗೆ ನಷ್ಟ. ನಡುವಿನ ಹೂಗಳಿಗೆ ಪರಾಗಸ್ಪರ್ಶವೂ ಆಗಿರುವುದಿಲ್ಲ. ಈ ಹಂತದಲ್ಲಿ ಕೀಳಲೇಬೇಡಿ.

3ನೇ, 4ನೇ ದಿನ: ಅಂಚಿನ ಎಸಳುಗಳ ಬುಡ ಕೆಂಪು, ತುದಿ ಕಿತ್ತಳೆ, ನಡುವೆ ಇನ್ನೂ ಹಳದಿ. ಎರಡು ಬೆರಳಲ್ಲಿ ಹಿಡಿದು ಸ್ವಲ್ಪ ತಿರುಚಿದರೆ ಸಲೀಸಾಗಿ ಬರುತ್ತದೆ. ಹಳದಿ ಅಂಶ ಇನ್ನೂ ಪುಷ್ಕಳವಾಗಿದೆ, ಕೆಂಪು ಶುರುವಾಗಿದೆ. ಚಹಾ, ಔಷಧ, ಹಳದಿ ಬಣ್ಣ, ಅಂದದ ಒಣ ಎಸಳು ಇವಕ್ಕೆಲ್ಲ ಇದೇ ದಿನ. ಯಾವುದಕ್ಕೆ ಬೇಕೆಂದು ಇನ್ನೂ ಗೊತ್ತಿಲ್ಲದವರೂ ಈಗಲೇ ಬಿಡಿಸುವುದು ಒಳ್ಳೆಯದು. ಚೀನಾದ ಅಧಿಕೃತ ಔಷಧಕೋಶವೂ ಹೂವು ಹಳದಿಯಿಂದ ಕೆಂಪಿಗೆ ತಿರುಗುವಾಗ ಕೀಳಬೇಕೆಂದೇ ಹೇಳುತ್ತದೆ. ಎಸಳಿನಲ್ಲಿ ಹೈಡ್ರಾಕ್ಸಿಸ್ಯಾಫ್ಲರ್ ಯೆಲ್ಲೋ ಎ ಶೇಕಡಾ 1ಕ್ಕಿಂತ ಕಡಿಮೆ ಇರಕೂಡದು, ತೇವ ಶೇಕಡಾ 13 ಮೀರಕೂಡದು ಎಂಬುದೂ ಅದರ ನಿಯಮ.

5ರಿಂದ 7ನೇ ದಿನ: ತೆನೆಯೆಲ್ಲ ಕೆಂಪು, ಎಸಳು ಬಾಗಿ ಬಾಡಿದೆ, ಆದರೆ ಮುಟ್ಟಿದರೆ ಇನ್ನೂ ಮೆತ್ತಗಿದೆ. ಕೆಂಪು ಬಣ್ಣ ತೆಗೆಯುವವರು ಕಾಯಬೇಕಾದದ್ದು ಇದಕ್ಕೆ. ಕಾಳು ಕಟ್ಟಿಯಾಗಿದೆ, ಆದ್ದರಿಂದ ಎಸಳು ತೆಗೆದರೆ ಎಣ್ಣೆಯ ಇಳುವರಿಗೆ ಪೆಟ್ಟಿಲ್ಲ.

ಅದರಾಚೆಗೆ ಎಸಳು ಕಂದು ಛಾಯೆಗೆ ತಿರುಗಿ ಗರಿಗರಿಯಾಗುತ್ತದೆ. ಕೀಳುವುದು ಬಲು ಸುಲಭ, ಮುಟ್ಟಿದರೆ ಉದುರುತ್ತದೆ. ಬಹಳ ಮಂದಿ ಮೋಸಹೋಗುವುದು ಇಲ್ಲೇ. ಕಾರ್ಥಮಿನ್ ಬಿಸಿಲಿಗೆ ತಾಳುವ ಬಣ್ಣವಲ್ಲ. ಕೂಲಿ ಉಳಿಯಿತೆಂದು ರಾಶಿಯ ಹೊತ್ತಿಗೆ ಕೆರೆದು ತಂದ ಎಸಳು ತೂಕಕ್ಕೆ ಸಿಗುತ್ತದೆ, ಬಣ್ಣಕ್ಕೆ ಸಿಗುವುದಿಲ್ಲ.

ಮೋಡ ಕವಿದು ತಂಪಾಗಿದ್ದರೆ ಈ ಲೆಕ್ಕ ಒಂದೆರಡು ದಿನ ಹಿಂದೆ ಬೀಳುತ್ತದೆ, ಒಣಗಾಳಿ ಬೀಸಿದರೆ ಮುಂದೆ ಓಡುತ್ತದೆ. ಹಾಗಾಗಿ ದಿನಕ್ಕಿಂತ ಬಣ್ಣ ನೋಡಿ. ಒಂದೇ ಗಿಡದಲ್ಲಿ ನಡುಕಾಂಡದ ತುದಿಯ ತೆನೆ ಮೊದಲು, ಆಮೇಲೆ ಕೊಂಬೆಗಳದ್ದು, ಅದಾದ ಮೇಲೆ ಉಪಕೊಂಬೆಗಳದ್ದು ಅರಳುವುದರಿಂದ ಒಂದೇ ಸಲಕ್ಕೆ ಬಿಡಿಸಿ ಮುಗಿಸುವ ಬೆಳೆ ಇದಲ್ಲ. ಎರಡು ಮೂರು ದಿನಕ್ಕೊಮ್ಮೆ ಸಾಲು ಸುತ್ತಬೇಕು, ಮೂರು ನಾಲ್ಕು ವಾರ. ನೀರುಣ್ಣದ ಒಣಬೇಸಾಯದಲ್ಲಿ ಕೊನೆಯ ಸುತ್ತಿನ ತೆನೆಗಳು ಸಣ್ಣವು, ಎಸಳು ಕಡಿಮೆ. ಅವನ್ನು ಕಾಳಿಗೆ ಬಿಟ್ಟುಬಿಡುವುದು ಜಾಣತನ.

ಹೊತ್ತು ಮತ್ತು ಕೈ

ಬೆಳಗಿನ ಇಬ್ಬನಿ ಮುಳ್ಳನ್ನು ಮೆತ್ತಗೆ ಮಾಡುತ್ತದೆ. ಜಪಾನಿನ ಯಾಮಾಗಾಟಾ ಪ್ರಾಂತ ಶತಮಾನಗಳಿಂದ ಕುಸುಬಿ ಹೂವಿಗೆ ಹೆಸರಾದದ್ದು. ಅಲ್ಲಿ ಜುಲೈ ತಿಂಗಳಲ್ಲಿ ಹೂ ಬಿಡಿಸುವವರು ಬೆಳಕು ಹರಿಯುವ ಮುಂಚೆಯೇ ಹೊಲ ಸೇರುವುದು ಇದಕ್ಕಾಗಿಯೇ. ನಮ್ಮಲ್ಲೂ ಪುಷ್ಯಮಾಸದ ಇಬ್ಬನಿ ಅದೇ ಸಹಾಯ ಮಾಡುತ್ತದೆ. ಮುಳ್ಳಿನ ತಳಿಯಾದರೆ ನಸುಕಿನಿಂದ ಎಂಟು ಗಂಟೆಯೊಳಗೆ ಬಿಡಿಸಿ. ಮುಳ್ಳಿಲ್ಲದ್ದಾದರೆ ಇಬ್ಬನಿ ಆರುವ ತನಕ ಕಾಯಿರಿ, ಎಂಟರಿಂದ ಹತ್ತರ ನಡುವೆ ಬಿಡಿಸಿ. ಒದ್ದೆ ಎಸಳು ಒಣಗಲು ಒಂದು ದಿನ ಹೆಚ್ಚು ತೆಗೆದುಕೊಳ್ಳುತ್ತದೆ, ಬೂಷ್ಟು ಹಿಡಿಯುವ ಅಪಾಯ ಬೇರೆ. ಮಧ್ಯಾಹ್ನದ ಬಿಸಿಲಿಗೆ ಮುಳ್ಳು ಸೂಜಿಯಾಗುತ್ತದೆ, ಎಸಳು ತುಂಡಾಗುತ್ತದೆ.

ಎಡಗೈಗೆ ತೊಗಲಿನ ಅಥವಾ ಒತ್ತಾದ ಕ್ಯಾನ್ವಾಸಿನ ಗವಸು ಹಾಕಿ ತೆನೆಯ ತೊಟ್ಟು ಹಿಡಿಯಿರಿ. ಬಲಗೈಯ ಹೆಬ್ಬೆರಳು, ತೋರು, ನಡುಬೆರಳು ಬರಿಗೈ ಇರಲಿ, ಗವಸಿನಲ್ಲಿ ಹದ ಗೊತ್ತಾಗುವುದಿಲ್ಲ. ಎಸಳಿನ ಗೊಂಚಲನ್ನು ಮೇಲ್ಭಾಗದಲ್ಲಿ ಹಿಡಿದು ಸ್ವಲ್ಪ ತಿರುಚಿ ಮೇಲಕ್ಕೆ ಎಳೆಯಿರಿ. ಬುಡದ ತನಕ ಬೆರಳು ಇಳಿಸಬೇಡಿ, ಹಸಿರು ಪಕಳೆ, ಮುಳ್ಳಿನ ಚೂರು ಬರುತ್ತವೆ. ಎಳೆದದ್ದರಲ್ಲಿ ಬುಡಕ್ಕೆ ಬಿಳಿಯ ಎಳೆಗಾಳು ಅಂಟಿದ್ದರೆ ಆ ತೆನೆ ಇನ್ನೂ ಹದಕ್ಕೆ ಬಂದಿಲ್ಲ, ಮುಂದಿನ ಸುತ್ತಿಗೆ ಬಿಡಿ.

ಸೊಂಟಕ್ಕೆ ಕಟ್ಟುವ ಚೀಲ ಹತ್ತಿ ಬಟ್ಟೆಯದಿರಲಿ. ಪ್ಲಾಸ್ಟಿಕ್ ಚೀಲದಲ್ಲಿ ಎಸಳು ಬೆವರಿ, ಒಳಗೇ ಕಾವೇರಿ, ಮಧ್ಯಾಹ್ನದ ಹೊತ್ತಿಗೆ ಕಂದಾಗಿ ಹುಳಿವಾಸನೆ ಹೊಡೆಯುತ್ತದೆ. ಚೀಲ ತುಂಬಿತೆಂದು ಒತ್ತಬೇಡಿ. ಬಿಡಿಸಿದ ಒಂದೆರಡು ಗಂಟೆಯೊಳಗೆ ಹರಡಬೇಕು.

ಒಣಗಿಸುವುದು: ಎರಡು ದಾರಿ

ಹಳದಿಗೂ ಚಹಾಕ್ಕೂ: ನೆರಳು, ಗಾಳಿ, ಬೇಗ. ನೂಲಿನ ಮಂಚ ಅಥವಾ ಜಾಲರಿ ಚೌಕಟ್ಟಿನ ಮೇಲೆ ತೆಳು ಹತ್ತಿ ಬಟ್ಟೆ ಹಾಸಿ, ಎಸಳನ್ನು ಒಂದು ಬೆರಳು ದಪ್ಪಕ್ಕಿಂತ ಹೆಚ್ಚಾಗದಂತೆ ಹರಡಿ. ಕೆಳಗಿನಿಂದಲೂ ಗಾಳಿ ಆಡಬೇಕು. ಜನವರಿಯ ಒಣಹವೆಯಲ್ಲಿ 2ರಿಂದ 4 ದಿನ ಸಾಕು. ಮೊದಲ ದಿನ ಕೈಯಾಡಿಸಬೇಡಿ, ಹಸಿ ಎಸಳು ನಲುಗಿದ ಕಡೆಯೆಲ್ಲ ಕಪ್ಪಾಗುತ್ತದೆ. ಡ್ರೈಯರ್ ಇದ್ದರೆ 40-45 ಡಿಗ್ರಿ ಸೆಲ್ಸಿಯಸ್ ಮೀರಬೇಡಿ. ನೇರ ಬಿಸಿಲಿಗೆ ಹಾಕಿದರೆ ಮೇಲ್ಪದರ ಬಿಳಿಚುತ್ತದೆ. ತಗಡಿನ ಮೇಲೆ ಹರಡುವುದು ಬೇಡವೇ ಬೇಡ, ತುಕ್ಕಿನ ಕಬ್ಬಿಣ ತೇವದ ಎಸಳನ್ನು ಮಸಿಯಾಗಿಸುತ್ತದೆ.

ಕೆಂಪಿಗೆ: ಒಣಗಿಸುವ ಮೊದಲು ಬಾಡಿಸಬೇಕು. 5-7ನೇ ದಿನದ ಎಸಳನ್ನು ತಣ್ಣೀರಲ್ಲಿ ಒಮ್ಮೆ ಆಡಿಸಿ ಹಿಂಡಿ, ಒದ್ದೆ ಚಾಪೆ ಅಥವಾ ಗೋಣಿಯ ಮೇಲೆ ಎರಡು ಬೆರಳು ದಪ್ಪಕ್ಕೆ ಹರಡಿ, ನೆರಳಲ್ಲಿಡಿ. ಮೇಲೆ ಒದ್ದೆ ಬಟ್ಟೆ ಸಡಿಲವಾಗಿ ಹೊದಿಸಿ, ದಿನಕ್ಕೆ ಎರಡು ಮೂರು ಬಾರಿ ನೀರು ಚಿಮುಕಿಸಿ, ಮಗುಚಿ. ಎರಡನೇ ದಿನದ ಹೊತ್ತಿಗೆ ಕಿತ್ತಳೆಯೆಲ್ಲ ಗಾಢ ಕೆಂಪಾಗಿ, ಎಸಳು ಅಂಟಂಟಾಗುತ್ತದೆ. ಆಗ ಒರಳಲ್ಲಿ ಹಗುರವಾಗಿ ಕುಟ್ಟಿ, ಅಂಗೈಯಗಲ ತೆಳು ಬಿಲ್ಲೆ ತಟ್ಟಿ ಒಣಗಿಸಿ. ಯಾಮಾಗಾಟಾದವರು ಬೆನಿಮೋಚಿ ಎಂದು ಮಾಡುವುದು ಇದನ್ನೇ. ಬಿಲ್ಲೆ ಜಾಗ ಕಡಿಮೆ ಹಿಡಿಯುತ್ತದೆ, ಕೆಂಪೂ ಬಿಡಿ ಎಸಳಿಗಿಂತ ಚೆನ್ನಾಗಿ ಬರುತ್ತದೆ. ಎಡವುವುದು ಎಲ್ಲಿ ಎಂದರೆ ರಾಶಿ ದಪ್ಪ ಹಾಕಿ ಮಗುಚದೆ ಬಿಟ್ಟಾಗ: ಒಳಗೆ ಗಾಳಿ ಹೋಗದೆ ಕೆಂಪಾಗುವ ಕೆಲಸ ನಿಂತು ಕೊಳೆಯುವ ಕೆಲಸ ಶುರುವಾಗುತ್ತದೆ. ಹಿತವಾದ ಹುಳಿವಾಸನೆ ಸರಿ. ಗಬ್ಬುವಾಸನೆ, ಬಿಳಿ ಬೂಷ್ಟು ಬಂದರೆ ಗೊಬ್ಬರದ ಗುಂಡಿಗೆ ಹಾಕಿ.

ಸುಮಾರು 4ರಿಂದ 5 ಕೆ.ಜಿ. ಹಸಿ ಎಸಳಿಗೆ 1 ಕೆ.ಜಿ. ಒಣ ಎಸಳು ಎಂದು ಲೆಕ್ಕ ಇಟ್ಟುಕೊಳ್ಳಿ. ಪೂರ್ತಿ ಒಣಗಿದೆಯೇ ಎಂದು ನೋಡಲು ಒಂದು ಹಿಡಿ ಒತ್ತಿ ಬಿಡಿ. ಉಂಡೆಯಾಗದೆ ಸರಕ್ಕನೆ ಬಿಚ್ಚಿಕೊಂಡರೆ, ಒಂದೆಸಳು ಬೆರಳಲ್ಲಿ ಉಜ್ಜಿದಾಗ ಪುಡಿಯಾದರೆ ಆಯಿತು. ಗಾಳಿಯಾಡದ ಡಬ್ಬಿಗೆ ಹಾಕಿ ಕತ್ತಲಲ್ಲಿಡಿ. ಒಣ ಎಸಳು ಗಾಳಿಯ ತೇವವನ್ನು ಬೇಗ ಹೀರುತ್ತದೆ, ಆದ್ದರಿಂದ ಮಳೆಗಾಲ ಬರುವ ಮುನ್ನ ಒಮ್ಮೆ ತೆರೆದು ನೋಡುವುದು ಒಳ್ಳೆಯದು. ಅಂದಕ್ಕೆಂದು ಗಾಜಿನ ಭರಣಿಯಲ್ಲಿ ಕಿಟಕಿ ಬಳಿ ಇಟ್ಟರೆ ಬಣ್ಣ ತಿಂಗಳುಗಳಲ್ಲೇ ಇಳಿಯುತ್ತದೆ. ಚೆನ್ನಾಗಿ ಇಟ್ಟದ್ದನ್ನೂ ಮುಂದಿನ ಹಿಂಗಾರಿನೊಳಗೆ ಬಳಸಿ ಮುಗಿಸಿ.

ಚಹಾಕ್ಕೆ ಬಳಸುವವರಿಗೆ ಒಂದು ಎಚ್ಚರಿಕೆ. ಬಸುರಿಯರು ಇದನ್ನು ಕುಡಿಯಬಾರದು. ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಇನ್ನು ಈ ಎಸಳನ್ನೇ ಕೇಸರಿ ಎಂದು ಮಾರುವ ದಂಧೆ ಹಳೆಯದು. ಗುರುತಿಸುವುದು ಕಷ್ಟವಲ್ಲ. ನೀರಲ್ಲಿ ನೆನೆಸಿ ಬಿಡಿಸಿ ನೋಡಿದರೆ ಕುಸುಬಿಯದು ತುದಿಯಲ್ಲಿ ಐದು ಸೀಳಿರುವ ಕೊಳವೆ. ಕೇಸರಿಯದು ತುದಿಗೆ ಹೋದಂತೆ ಕಹಳೆಯ ಹಾಗೆ ಅಗಲವಾಗುವ ಒಂದೇ ಎಳೆ, ವಾಸನೆಯಂತೂ ಬೇರೆಯೇ.

ಬಟ್ಟೆಗೆ ಕೆಂಪು ಹಾಕುವುದು

ಬೇಕಾದವು: ಒಣ ಎಸಳು ಅಥವಾ ಬಿಲ್ಲೆಯ ಪುಡಿ 100 ಗ್ರಾಂ, ತೆಳು ಹತ್ತಿ ಬಟ್ಟೆ 50 ಗ್ರಾಂ, ವಾಷಿಂಗ್ ಸೋಡಾ 30 ಗ್ರಾಂ, ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಸಿಗುವ ಸಿಟ್ರಿಕ್ ಆಮ್ಲ 50 ಗ್ರಾಂ, ಸ್ವಲ್ಪ ಬಿಳಿ ವಿನೆಗರ್, ಹುಳಿ-ಕ್ಷಾರದ ಮಟ್ಟ ತೋರಿಸುವ ಪಿಎಚ್ ಕಾಗದ (7ಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ), ಹತ್ತಿಯ ಚೀಲ, ಸ್ಟೀಲ್ ಪಾತ್ರೆ ಅಥವಾ ಪ್ಲಾಸ್ಟಿಕ್ ಬಕೆಟ್, ರಬ್ಬರ್ ಗವಸು. ಬಟ್ಟೆಯ ಗಂಜಿ ಹೋಗುವ ಹಾಗೆ ಮೊದಲೇ ಸೋಪು ಹಾಕಿ ಕುದಿಸಿ, ಚೆನ್ನಾಗಿ ಜಾಲಿಸಿಡಿ. ಒಲೆಯ ಕೆಲಸ ಅಷ್ಟೇ, ಮುಂದಿನದೆಲ್ಲ ತಣ್ಣೀರಲ್ಲಿ. ಬಿಸಿನೀರಿಗೆ ಕಾರ್ಥಮಿನ್ ಕೆಡುತ್ತದೆ.

ಮೊದಲನೆಯದು, ಹಳದಿ ತೊಳೆಯುವುದು. ಎಸಳನ್ನು ಚೀಲದಲ್ಲಿ ಸಡಿಲವಾಗಿ ಕಟ್ಟಿ 4 ಲೀಟರ್ ನೀರಲ್ಲಿ ರಾತ್ರಿ ನೆನೆಹಾಕಿ. ಇಲ್ಲಿ ನೀರು ಯಾವುದೆಂಬುದು ಬಹಳ ಮುಖ್ಯ. ನಮ್ಮ ಬಯಲುಸೀಮೆಯ ಬೋರ್‌ವೆಲ್ ನೀರು ಗಡಸು, ಎಷ್ಟೋ ಕಡೆ ಕ್ಷಾರದ ಕಡೆಗೆ ವಾಲಿರುತ್ತದೆ. ಅದರಲ್ಲಿ ತೊಳೆದರೆ ಹಳದಿಯ ಜೊತೆ ಕೆಂಪೂ ಸದ್ದಿಲ್ಲದೆ ಹರಿದುಹೋಗುತ್ತದೆ, ಕೊನೆಗೆ ಮಾಸಲು ಗುಲಾಬಿ ಮಾತ್ರ ಸಿಗುತ್ತದೆ. ಮಳೆನೀರು ಅಥವಾ ಶುದ್ಧೀಕರಣ ಘಟಕದ ನೀರು ಬಳಸಿ. ಬೋರಿನ ನೀರೇ ಗತಿಯಾದರೆ ಪಿಎಚ್ 5-6ಕ್ಕೆ ಬರುವಷ್ಟು ವಿನೆಗರ್ ಹಾಕಿ, ಹುಳಿ ಇರುವ ತನಕ ಕೆಂಪು ಎಸಳನ್ನು ಬಿಡುವುದಿಲ್ಲ. ಬೆಳಿಗ್ಗೆ ಚೀಲವನ್ನು ನಾದಿ, ಹಿಂಡಿ, ನೀರು ಬದಲಿಸಿ. ಹಿಂಡಿದ ನೀರು ತಿಳಿ ಹುಲ್ಲಿನ ಬಣ್ಣಕ್ಕೆ ಬರುವ ತನಕ ಹೀಗೇ ಮಾಡಿ, ಸಾಮಾನ್ಯವಾಗಿ 6ರಿಂದ 8 ನೀರು. ಬೇಸರಪಟ್ಟು ಬೇಗ ನಿಲ್ಲಿಸಿದರೆ ಉಳಿದ ಹಳದಿ ಕೊನೆಯ ಬಣ್ಣವನ್ನು ಮಂಕು ಮಾಡುತ್ತದೆ. ಎರಡು ದಿನಕ್ಕಿಂತ ಹೆಚ್ಚು ಎಳೆದರೆ ಎಸಳು ಕೊಳೆಯುತ್ತದೆ. ಮೊದಲ ಎರಡು ಹಳದಿ ನೀರನ್ನು ಚೆಲ್ಲಬೇಡಿ.

ಎರಡನೆಯದು, ಕೆಂಪು ಬಿಡಿಸುವುದು. ಚೀಲವನ್ನು ಬಲವಾಗಿ ಹಿಂಡಿ. 2 ಲೀಟರ್ ತಣ್ಣೀರಿಗೆ 20 ಗ್ರಾಂ ವಾಷಿಂಗ್ ಸೋಡಾ ಕರಗಿಸಿ, ಪಿಎಚ್ 11ರ ಆಸುಪಾಸು ಬರಬೇಕು. ಗವಸು ಹಾಕಿ ಅದರಲ್ಲಿ ಚೀಲವನ್ನು ಅರ್ಧ ಗಂಟೆ ನಾದಿ. ನೀರು ಕೆಂಗಂದು, ಎಸಳು ಹಳದಿಗಂದು ಆಗುತ್ತದೆ. ಹಿಂಡಿ, ಇನ್ನೊಮ್ಮೆ 1 ಲೀಟರ್ ನೀರಿಗೆ 10 ಗ್ರಾಂ ಸೋಡಾ ಹಾಕಿ ಇದೇ ರೀತಿ ಮಾಡಿ ಎರಡನ್ನೂ ಸೇರಿಸಿ. ಇಲ್ಲಿ ಎರಡು ತಪ್ಪು ಆಗುತ್ತವೆ. ಅಡುಗೆ ಸೋಡಾ ಹಾಕುವುದು ಮೊದಲನೆಯದು. ಅದರ ಪಿಎಚ್ 8ರ ಆಸುಪಾಸಿಗೆ ನಿಲ್ಲುತ್ತದೆ, ಕೆಂಪು ಸರಿಯಾಗಿ ಕರಗುವುದಿಲ್ಲ. ಹರಳಿನ ರೂಪದ ವಾಷಿಂಗ್ ಸೋಡಾ ಸಿಕ್ಕರೆ ಅದರ ತೂಕದಲ್ಲಿ ಹೆಚ್ಚಿನದು ನೀರೇ, ಆದ್ದರಿಂದ ಪುಡಿಯ ಎರಡೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು ತೆಗೆದುಕೊಳ್ಳಬೇಕು. ಎರಡನೇ ತಪ್ಪು ಸೋಡಾ ನೀರಲ್ಲಿ ರಾತ್ರಿಯಿಡೀ ಬಿಡುವುದು. ಕಾರ್ಥಮಿನ್ ಕ್ಷಾರದಲ್ಲಿ ಕರಗುತ್ತದೆ ನಿಜ, ಅಲ್ಲೇ ಹೆಚ್ಚು ಹೊತ್ತು ಇದ್ದರೆ ಒಡೆದೂ ಹೋಗುತ್ತದೆ. ಶುರು ಮಾಡಿದ ಒಂದೂವರೆ ಗಂಟೆಯೊಳಗೆ ಹುಳಿ ಬೀಳಬೇಕು.

ಮೂರನೆಯದು, ಹುಳಿ. ದೊಡ್ಡ ಬಕೆಟ್ ತೆಗೆದುಕೊಳ್ಳಿ, ನೊರೆ ಉಕ್ಕುತ್ತದೆ. ಸಿಟ್ರಿಕ್ ಆಮ್ಲವನ್ನು ಸ್ವಲ್ಪ ನೀರಲ್ಲಿ ಕರಗಿಸಿ, ಚಮಚ ಚಮಚವಾಗಿ ಹಾಕಿ ಕಲಕಿ. ಪಿಎಚ್ 7ರ ಹತ್ತಿರ ಬಂದಾಗ ಒದ್ದೆ ಮಾಡಿ ಹಿಂಡಿದ ಬಟ್ಟೆಯನ್ನು ಬಿಡಿ. ಮತ್ತೆ ಹುಳಿ ಸೇರಿಸುತ್ತಾ 6ಕ್ಕೆ ತನ್ನಿ. ಕೊಳಕು ಕಂದಿನ ನೀರು ನೋಡುನೋಡುತ್ತಿದ್ದಂತೆ ಉಜ್ವಲ ಕೆಂಪಾಗುತ್ತದೆ. ಮೇಲಿನ ಅಳತೆಗೆ 40-45 ಗ್ರಾಂ ಬೇಕಾಗಬಹುದು, ಆದರೆ ಕೊನೆಯ ಮಾತು ಪಿಎಚ್ ಕಾಗದದ್ದು. ನಿಂಬೆರಸದಲ್ಲೇ ಮಾಡುತ್ತೇನೆನ್ನುವವರು ಮುಕ್ಕಾಲು ಲೀಟರ್ ರಸಕ್ಕೆ ಸಿದ್ಧರಿರಬೇಕು, ಅಂಗಡಿಯ ವಿನೆಗರ್ ಆದರೂ ಹೆಚ್ಚುಕಡಿಮೆ ಅಷ್ಟೇ. ಹುಳಿಯನ್ನು ಒಂದೇ ಸಲ ಸುರಿದರೆ ಕೆಂಪು ಬಟ್ಟೆಗೆ ಹತ್ತುವ ಮೊದಲೇ ಕಣವಾಗಿ ತಳಕ್ಕೆ ಕೂರುತ್ತದೆ, ಬಟ್ಟೆಯ ಮೇಲೆ ಚುಕ್ಕೆ ಚುಕ್ಕೆ ಬೀಳುತ್ತದೆ. ಒಂದು ಗಂಟೆಯ ಮೇಲೆ ಇನ್ನಷ್ಟು ಹುಳಿ ಹಾಕಿ 5.5ಕ್ಕೆ ಇಳಿಸಿ, ಆಗಾಗ ತಿರುವುತ್ತಾ ಮತ್ತೆ ಎರಡು ಮೂರು ಗಂಟೆ ಬಿಡಿ. ನೀರಿನ ಕೆಂಪು ಇಳಿದು ಬಟ್ಟೆಗೆ ಏರಿರುತ್ತದೆ. ಒಂದು ಚಮಚ ವಿನೆಗರ್ ಬೆರೆಸಿದ ನೀರಲ್ಲಿ ಜಾಲಿಸಿ, ನೆರಳಲ್ಲಿ ಒಣಗಿಸಿ.

ಈ ಅಳತೆಗೆ ಬರುವುದು ತುಂಬು ಗುಲಾಬಿ. ಕಡುಗೆಂಪು ಬೇಕಾದರೆ ಹೊಸ ಎಸಳಿನ ನೀರಲ್ಲಿ ಮತ್ತೆ ಮತ್ತೆ ಅದ್ದಬೇಕು, ಬಟ್ಟೆಯ ತೂಕದ ಹತ್ತಾರು ಪಟ್ಟು ಎಸಳು ಹೋಗುತ್ತದೆ. ಹಿಂದಿನ ಕಾಲದಲ್ಲಿ ಕಡುಗೆಂಪು ಕುಸುಂಭ ವಸ್ತ್ರ ಉಳ್ಳವರ ಉಡುಗೆಯಾಗಿದ್ದದ್ದು ಸುಮ್ಮನೆ ಅಲ್ಲ.

ರೇಷ್ಮೆಯನ್ನು ಇದೇ ನೀರಿಗೆ ಹಾಕಿದರೆ ಗುಲಾಬಿಯ ಬದಲು ಕಿತ್ತಳೆ ಬರುತ್ತದೆ, ಏಕೆಂದರೆ ರೇಷ್ಮೆ ಉಳಿದಿದ್ದ ಹಳದಿಯನ್ನೂ ಹಿಡಿಯುತ್ತದೆ. ಅದಕ್ಕೆ ಹಳೆಯ ಉಪಾಯವಿದೆ. ಮೊದಲು ಹತ್ತಿ ಬಟ್ಟೆಗೆ ಕೆಂಪು ಹತ್ತಿಸಿ, ಚೆನ್ನಾಗಿ ಜಾಲಿಸಿ, ಆ ಬಟ್ಟೆಯನ್ನು 500 ಮಿ.ಲೀ. ನೀರಿಗೆ 5 ಗ್ರಾಂ ಸೋಡಾ ಹಾಕಿದ ದ್ರಾವಣದಲ್ಲಿ ಹತ್ತು ನಿಮಿಷ ಹಿಂಡಿದರೆ ಶುದ್ಧ ಕೆಂಪು ಮಾತ್ರ ನೀರಿಗಿಳಿಯುತ್ತದೆ. ಅದಕ್ಕೆ ಹುಳಿ ಹಾಕಿ ರೇಷ್ಮೆ ಅದ್ದಿ. ಇದೇ ಶುದ್ಧ ಕೆಂಪು ನೀರನ್ನು ಬಟ್ಟೆ ಅದ್ದದೆ ಪಿಎಚ್ 4.5-5ಕ್ಕೆ ಇಳಿಸಿ ರಾತ್ರಿ ಬಿಟ್ಟರೆ ಕೆಂಪು ಕೆಸರಾಗಿ ತಳಕ್ಕೆ ಕೂರುತ್ತದೆ. ತಿಳಿ ಬಸಿದು, ಒತ್ತು ನೇಯ್ಗೆಯ ಬಟ್ಟೆಯ ಮೇಲೆ ಸೋಸಿದರೆ ಸಿಗುವ ಲೇಪವೇ ಜಪಾನಿನ ಬೆನಿ ಎಂಬ ತುಟಿರಂಗು. ಪಿಂಗಾಣಿ ಬಟ್ಟಲಿನ ಒಳಮೈಗೆ ತೆಳುವಾಗಿ ಬಳಿದು ಒಣಗಿಸಿದಾಗ ಅದು ಕೆಂಪಾಗಿ ಕಾಣುವುದಿಲ್ಲ, ಜೀರುಂಡೆಯ ರೆಕ್ಕೆಯಂಥ ಹಸಿರು ಹೊಳಪು ಬರುತ್ತದೆ. ಒದ್ದೆ ಕುಂಚ ತಾಗಿಸಿದರೆ ಮತ್ತೆ ಕೆಂಪು. ಹೊಳಪು ಬರದೆ ಕಂದಾಗಿ ಉಳಿದರೆ ಹಳದಿ ಪೂರ್ತಿ ಹೋಗಿಲ್ಲವೆಂದು ಅರ್ಥ, ಇನ್ನೊಮ್ಮೆ ಹತ್ತಿಗೆ ಹತ್ತಿಸಿ ಬಿಡಿಸಬೇಕು.

ಎತ್ತಿಟ್ಟ ಹಳದಿ ನೀರು ರೇಷ್ಮೆಗೂ ಉಣ್ಣೆಗೂ ಆಗುತ್ತದೆ. ರೇಷ್ಮೆಯ ತೂಕದ ಶೇಕಡಾ 15ರಷ್ಟು ಪಟಿಕವನ್ನು ಬೆಚ್ಚಗಿನ ನೀರಲ್ಲಿ ಕರಗಿಸಿ, ರೇಷ್ಮೆಯನ್ನು ಅದರಲ್ಲಿ ರಾತ್ರಿ ನೆನೆಸಿ. ಮರುದಿನ ಹಳದಿ ನೀರಲ್ಲಿ 60-70 ಡಿಗ್ರಿಯಲ್ಲಿ ಮುಕ್ಕಾಲು ಗಂಟೆ ಇಡಿ, ಕುದಿಸಬೇಡಿ. ಹತ್ತಿಗೆ ಇದರಿಂದ ನಸುಹಳದಿಗಿಂತ ಹೆಚ್ಚಿನದು ಬರುವುದಿಲ್ಲ. ಹತ್ತಿಗೆ ಹಳದಿ ಬೇಕಾದವರಿಗೆ ದಾಳಿಂಬೆ ಸಿಪ್ಪೆ ಮೇಲು.

ಕುಸುಬಿ ಕೆಂಪು ಗಟ್ಟಿ ಬಣ್ಣವಲ್ಲ ಎಂಬುದನ್ನು ಕೊಳ್ಳುವವರಿಗೆ ಮೊದಲೇ ತಿಳಿಸಿಬಿಡಬೇಕು. ಬಾವುಟ, ಪರದೆ, ದಿನವೂ ಬಿಸಿಲಲ್ಲಿ ಒಣಗುವ ಬಟ್ಟೆ ಇವಕ್ಕೆ ಇದನ್ನು ಹಾಕಬೇಡಿ. ಒಳಗಿನ ಅಸ್ತರಿ, ದುಪಟ್ಟ, ಅಪರೂಪಕ್ಕೆ ಉಡುವ ಸೀರೆ ಇವಕ್ಕೆ ಸರಿ. ಒಗೆಯುವಾಗ ಸಾಮಾನ್ಯ ಸೋಪು, ಡಿಟರ್ಜೆಂಟ್ ಎರಡೂ ಕ್ಷಾರ, ಗುಲಾಬಿ ಕಣ್ಣೆದುರೇ ಹಳದಿಗೆ ತಿರುಗಿ ನೀರಿಗಿಳಿಯುತ್ತದೆ. ಕ್ಷಾರವಿಲ್ಲದ ಉಣ್ಣೆಬಟ್ಟೆಯ ದ್ರವಸೋಪಿನಲ್ಲಿ ತಣ್ಣೀರಲ್ಲಿ ಅದ್ದಿ ತೆಗೆಯಿರಿ. ಯಾರಾದರೂ ಮರೆತು ಸೋಪಿಗೆ ಹಾಕಿದ್ದರೆ ಜಾಲಿಸುವ ಮೊದಲೇ ಅದೇ ಬಕೆಟ್ಟಿಗೆ, ಬಟ್ಟೆ ಒಳಗಿದ್ದಂತೆಯೇ, ಪಿಎಚ್ 6ಕ್ಕೆ ಇಳಿಯುವ ತನಕ ವಿನೆಗರ್ ಸುರಿದು ಒಂದು ಗಂಟೆ ಬಿಡಿ. ನೀರಿಗೆ ಬಿಟ್ಟಿದ್ದ ಕೆಂಪಿನಲ್ಲಿ ಒಂದಷ್ಟು ಬಟ್ಟೆಗೆ ಮರಳಿ ಹತ್ತುತ್ತದೆ.